ಏಣು ಏರುವ ಮುನ್ನ

ಮಳೆ, ಮಂಜು, ಎರಡೂ ಮಗ್ಗುಲಲ್ಲಿ ಪ್ರಪಾತ. ವೇಲ್ಸ್‌ನ ಕ್ರಿಬ್ ಗೋಖ್ ಎಂಬ ಕತ್ತಿಯಲಗಿನಂಥ ಬೆಟ್ಟದಲ್ಲಿ ಗೈಡ್ ಮೊದಲು ಕಲಿಸಿದ್ದು ವಾಪಸಾಗುವುದನ್ನು. ಮುಂಗಾರು ಚಾರಣಕ್ಕೆ ಹಣ ಕಟ್ಟುವ ಮೊದಲು ನಾವು ಕೇಳಬೇಕಾದ ಪ್ರಶ್ನೆಯೊಂದು ಅಲ್ಲಿ ಸಿಕ್ಕಿತು.

“ಅಣ್ಣಾ, ಕೂತ್ಕೋ!”

ಹಿಂದಿನಿಂದ ತಂಗಿ ಕೂಗಿದ್ದು ಗಾಳಿಯಲ್ಲಿ ಅರ್ಧವಷ್ಟೇ ಕೇಳಿಸಿತು. ಅಷ್ಟರಲ್ಲಿ ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಗಿದು ನನ್ನನ್ನು ಕೆಳಕ್ಕೆ ಜಗ್ಗಿತ್ತು. ಕುದುರೆ ಏರಿದವನ ಹಾಗೆ ಒದ್ದೆ ಬಂಡೆಯ ಮೇಲೆ ಕುಕ್ಕರಿಸಿದೆ. ಎಡಗಾಲು ಎಡದ ಇಳಿಜಾರಿಗೆ, ಬಲಗಾಲು ಬಲಕ್ಕೆ. ಬಲಗಡೆ ಇಳಿಜಾರೇ ಇರಲಿಲ್ಲ. ಬರೀ ಬಿಳಿ.

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪ್ರಪಾತ ಕಾಣುತ್ತಲೇ ಇರಲಿಲ್ಲ. ಕಾಣದ್ದರಿಂದ ಹೆದರಿಕೆ ಇಳಿದಿತ್ತು. ಹೆದರಿಕೆ ಇಳಿದದ್ದೇ ತಡ, ಅಡಿಕೆ ಒಣಗಿಸುವ ಅಂಗಳದಲ್ಲಿ ನಡೆದಂತೆ ನೆಟ್ಟಗೆ ಎದ್ದು ಹೆಜ್ಜೆ ಹಾಕಲು ಹೊರಟಿದ್ದೆ.

ಆಗ ಗಾಳಿ ಒಮ್ಮೆ ಜೋರಾಗಿ ಬೀಸಿ ಮಂಜನ್ನು ಸೀಳಿತು. ನನ್ನ ಬಲ ಮೊಣಕಾಲಿನ ಆಚೆ, ತೀರಾ ಕೆಳಗೆ, ಲ್ಯಾನ್‌ಬೆರಿಸ್ ಕಣಿವೆಯ ರಸ್ತೆ ದಾರದ ಎಳೆಯಂತೆ ಬಿದ್ದಿತ್ತು. ಅದರ ಮೇಲೆ ಒಂದು ಕೆಂಪು ಚುಕ್ಕೆ ಹರಿಯುತ್ತಿತ್ತು. ಬಸ್ಸಿರಬೇಕು. ಎರಡು ಕ್ಷಣ, ಮತ್ತೆ ಬಿಳಿ.

ಮುಂದೆ ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಗೈಡ್ ತಿರುಗಿ ನೋಡಿದರು. ಬೈಯಲಿಲ್ಲ. “ಕೈ ಬಂಡೆಯ ಮೇಲಿರಲಿ. ಮಂಜಿದ್ದಾಗ ಧೈರ್ಯ ಬರುತ್ತೆ. ಆ ಧೈರ್ಯ ನಂಬಬೇಡಿ” ಎಂದರು.

ಕೆಂಪು ಬೆಟ್ಟದ ನೆತ್ತಿ

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್‌ನ ಉತ್ತರ ಭಾಗದಲ್ಲಿ ಎರರಿ ಎಂಬ ರಾಷ್ಟ್ರೀಯ ಉದ್ಯಾನವಿದೆ. ಜಗತ್ತು ಅದನ್ನು ಬಹುಕಾಲ ಕರೆದದ್ದು ಸ್ನೋಡೋನಿಯಾ ಎಂದು. ಅಲ್ಲಿನ ಅತಿ ಎತ್ತರದ ಶಿಖರ ಸ್ನೋಡನ್, ವೇಲ್ಸ್ ಭಾಷೆಯಲ್ಲಿ ‘ಅರ್ ವಿದ್ವಾ’. 2022ರ ನವೆಂಬರ್‌ನಲ್ಲಿ ಉದ್ಯಾನದ ಆಡಳಿತ ತನ್ನ ಬರಹಗಳಲ್ಲಿ ವೇಲ್ಸ್ ಹೆಸರುಗಳನ್ನೇ ಬಳಸಲು ನಿರ್ಧರಿಸಿತು. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರಾದದ್ದನ್ನು ಕಂಡ ನಮಗೆ ಆ ಸಂತೋಷವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಆ ಶಿಖರಕ್ಕೆ ಹೋಗುವ ದಾರಿಗಳಲ್ಲಿ ತೀರಾ ಕಡಿದಾದದ್ದೊಂದು ಕ್ರಿಬ್ ಗೋಖ್ ಮೇಲಿನದು. ‘ಕೆಂಪು ಏಣು’ ಎಂದು ಹೆಸರಿನ ಅರ್ಥ. ಏಣು ಅಂದರೆ ಬೆಟ್ಟದ ಎರಡು ಇಳಿಜಾರು ಬಂದು ಕೂಡುವ ಚೂಪು ಬೆನ್ನು. ನಮ್ಮ ಚಾರಣಿಗರು ‘ರಿಡ್ಜ್’ ಅನ್ನುತ್ತಾರೆ. ಇದರ ಮೇಲೆ ನಡೆಯಲು ಕಾಲು ಸಾಲದು, ಹಗ್ಗ-ಗೂಟಗಳ ಪೂರ್ತಿ ಶಿಲಾರೋಹಣವೂ ಬೇಕಿಲ್ಲ. ಕೈಕಾಲು ನಾಲ್ಕನ್ನೂ ಊರಿಕೊಂಡು ಸಾಗಬೇಕು. ‘ಸ್ಕ್ರ್ಯಾಂಬ್ಲಿಂಗ್’ ಎಂಬುದು ಅದಕ್ಕೆ ಅಲ್ಲಿನ ಹೆಸರು.

ಸ್ಕ್ರ್ಯಾಂಬಲ್‌ಗಳಲ್ಲಿ ಮೂರು ದರ್ಜೆ. ಕ್ರಿಬ್ ಗೋಖ್ ಮೊದಲ ದರ್ಜೆಯದು, ಅಂದರೆ ಹತ್ತುವ ಕಸರತ್ತು ಕಡಿಮೆ. ಇಲ್ಲೇ ಅನೇಕರು ಮೋಸ ಹೋಗುವುದು. ದರ್ಜೆ ಹೇಳುವುದು ಹತ್ತುವ ಕಷ್ಟವನ್ನು. ಜಾರಿದರೆ ಎಲ್ಲಿಗೆ ಹೋಗಿ ಬೀಳುತ್ತೀರಿ ಎಂಬುದನ್ನು ಅದು ಹೇಳುವುದಿಲ್ಲ.

> ಕ್ರಿಬ್ ಗೋಖ್: ತಿಳಿದಿರಲಿ
>
> ಎತ್ತರ 923 ಮೀಟರ್. ಚಾರಣ ಶುರುವಾಗುವ ಪೆನ್-ಇ-ಪಾಸ್ ಇರುವುದು 359 ಮೀಟರ್ ಎತ್ತರದಲ್ಲಿ. ಏಣು ದಾಟಿ ಮುಂದುವರಿದರೆ ಸಿಗುವ ಅರ್ ವಿದ್ವಾ 1,085 ಮೀಟರ್.
>
> ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ವರ್ಷಕ್ಕೆ ಸರಾಸರಿ 4,400 ಮಿ.ಮೀ. ಮೀರುತ್ತದೆ. ನಮ್ಮ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ, ಆದರೆ ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಕ್ರಿಬ್ ಗೋಖ್‌ನಲ್ಲಿ ಮಳೆಗೆ ಕಾಲವೆಂಬುದಿಲ್ಲ.
>
> ಅಪಾಯದಲ್ಲಿ ಸಿಕ್ಕವರು ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಇದು ಬೆಟ್ಟಗಳ ಅಂತರರಾಷ್ಟ್ರೀಯ ಸಂಕೇತ. ಕೇಳಿಸಿಕೊಂಡವರ ಉತ್ತರ ಮೂರು ಸೀಟಿ.

ಹಂದಿಗಳ ಕಣಿವೆಯಲ್ಲಿ ಒಂದು ಟಾಫಿ

ಮೇಲೆ ಹೇಳಿದ್ದು ಎರಡನೇ ಸಲದ ಕಥೆ, ಮೇ ತಿಂಗಳದ್ದು. ಮೊದಲ ಸಲ ಹೋದದ್ದು ಅದರ ಹಿಂದಿನ ಅಕ್ಟೋಬರ್‌ನಲ್ಲಿ. ನಿಜವಾಗಿ ಹೇಳಬೇಕಾದದ್ದು ಆ ದಿನದ್ದೇ.

ತಂಗಿ ಮತ್ತು ಅವಳ ಗಂಡ ಇರುವುದು ಮ್ಯಾಂಚೆಸ್ಟರ್‌ನಲ್ಲಿ. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ನಮಗೆ ಮಳೆ ಹೊಸದಲ್ಲ. ಗೊರಬೆ ಹೊದ್ದು ಗದ್ದೆಗೆ ಹೋಗುತ್ತಿದ್ದ ಅಜ್ಜನನ್ನು ನೋಡಿ ಬೆಳೆದವರು, ಕಾಲಿಗೆ ಹತ್ತಿದ ಇಂಬಳವನ್ನು ಸುಣ್ಣ ಮುಟ್ಟಿಸಿ ಬಿಡಿಸಿದವರು. “ಮಳೆ ಅಂದ್ರೆ ನಮಗೆ ಹೆದರಿಕೆಯಾ ಮಾರಾಯ್ತಿ!” ಎಂದು ಕಾರಿನಲ್ಲಿ ಕುಳಿತಾಗ ನಾನೇ ಅಂದಿದ್ದೆ.

ತಂಡದಲ್ಲಿ ಆರು ಜನ. ಗೈಡ್‌ಗಳು ಇಬ್ಬರು. ಹಿರಿಯರು ಐವತ್ತು ದಾಟಿದ ವೇಲ್ಸ್ ಮಹಿಳೆ. ಪೆನ್-ಇ-ಪಾಸ್‌ನಲ್ಲಿ ಇಳಿಯುವಾಗಲೇ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಮೇಲೆ ಗಾಳಿ ಮಧ್ಯಾಹ್ನದ ಹೊತ್ತಿಗೆ ಗಂಟೆಗೆ 65 ಕಿ.ಮೀ. ಮುಟ್ಟಬಹುದೆಂದು ಮುನ್ಸೂಚನೆಯಿತ್ತು. ಗೈಡ್ ಅದನ್ನು ಎಲ್ಲರಿಗೂ ಓದಿ ಹೇಳಿದರು. “ಹಂದಿ ಕಣಿವೆಯವರೆಗೆ ಹೋಗೋಣ. ಅಲ್ಲಿ ನಿಂತು ನಿರ್ಧರಿಸೋಣ.”

ಕಲ್ಲು ಹಾಸಿದ ದಾರಿಯಲ್ಲಿ ಗಂಟೆ ಹೊತ್ತು ಏರಿದರೆ ‘ಬುಲ್ಖ್ ಅ ಮೋಖ್’ ಎಂಬ ತಗ್ಗು ಸಿಗುತ್ತದೆ. ಹಂದಿಗಳ ಕಣಿವೆ ಎಂದೇ ಅದರ ಅರ್ಥ. ದಾರಿ ಕವಲೊಡೆಯುವುದು ಇಲ್ಲಿ. ನೇರ ಹೋದರೆ ಶಿಖರಕ್ಕೆ ಸಾಧಾರಣ ಕಾಲುದಾರಿ, ಬಲಕ್ಕೆ ತಿರುಗಿದರೆ ಕ್ರಿಬ್ ಗೋಖ್.

ಅಲ್ಲಿ ನಿಲ್ಲಿಸಿ, ಹಿರಿಯ ಗೈಡ್ ಎಲ್ಲರಿಗೂ ಒಂದೊಂದು ಟಾಫಿ ಕೊಟ್ಟರು. “ಕೈಗವಸು ತೆಗೆದು ತಿನ್ನಿ” ಎಂದರು.

ನಾವು ಬಾಯಿ ಸಿಹಿ ಮಾಡಿಸುತ್ತಿದ್ದಾರೆಂದುಕೊಂಡೆವು. ತಂಗಿಯ ಗಂಡ ಕೈಗವಸು ಕಳಚಿದ. ಬೆರಳುಗಳು ಬಿಳಿಚಿ, ತುದಿ ನೆರಿಗೆಗಟ್ಟಿದ್ದವು. ಟಾಫಿ ಕಾಗದದ ಎರಡು ಕಿವಿ ಹಿಡಿದು ಎಳೆಯಬೇಕು, ಅಷ್ಟೆ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟುತ್ತಿದ್ದವೇ ಹೊರತು ಹಿಡಿಯುತ್ತಿರಲಿಲ್ಲ. ಎರಡು ಸಲ ಜಾರಿತು. ಮೂರನೇ ಸಲ ಹಲ್ಲಿನಿಂದ ಕಚ್ಚಿ ಹರಿದ. ನನ್ನದೂ ಹೆಚ್ಚು ಕಡಿಮೆ ಅದೇ ಪಾಡು.

ಗೈಡ್ ಟಾಫಿ ತಿನ್ನುತ್ತಿರಲಿಲ್ಲ. ಹನ್ನೆರಡು ಕೈಗಳನ್ನೂ ನೋಡುತ್ತಿದ್ದರು.

“ಇವತ್ತು ಇಲ್ಲಿಂದ ವಾಪಸ್” ಎಂದರು.

ತಂಡದಲ್ಲಿ ಗೊಣಗಾಟ ಎದ್ದಿತು. ತಿಂಗಳುಗಟ್ಟಲೆ ಕಾದವರು, ರಜೆ ಹಾಕಿ ಬಂದವರು ಇದ್ದರು. ನಾನಂತೂ ಬೆಂಗಳೂರಿನಿಂದ ಹೋದವನು. ನಮ್ಮ ಕಣ್ಣೆದುರೇ ಇನ್ನೊಂದು ಗುಂಪು ಬಲಕ್ಕೆ ತಿರುಗಿ ಮೇಲೆ ಹೋಯಿತು. “ಅವರು ಹೋಗ್ತಿದ್ದಾರಲ್ಲ?” ಎಂದು ಯಾರೋ ಕೇಳಿದರು.

“ಅವರ ಕೈ ನಾನು ನೋಡಿಲ್ಲ. ನಿಮ್ಮದು ನೋಡಿದ್ದೇನೆ.”

ಇಳಿದು ಬಂದೆವು. ಆ ದಿನ ಏಣಿನ ಮೇಲೆ ಅವಘಡವಾದ ಸುದ್ದಿಯೇನೂ ನಮ್ಮ ಕಿವಿಗೆ ಬೀಳಲಿಲ್ಲ. ಮೇಲೆ ಹೋದ ಗುಂಪೂ ಸಂಜೆ ನಗುತ್ತಲೇ ವಾಪಸಾಯಿತು. ಆದರೂ ಆ ತೀರ್ಮಾನ ಸರಿಯಾಗಿತ್ತೆಂದೇ ನನ್ನ ನಂಬಿಕೆ. ಟಾಫಿ ಕಾಗದ ಹಿಡಿಯಲಾರದ ಬೆರಳು ಬಂಡೆಯ ಬಿರುಕನ್ನು ಹೇಗೆ ಹಿಡಿದೀತು? ದಿನದ ಶುಲ್ಕವನ್ನು ಪೂರ್ತಿ ಕೊಟ್ಟೆವು, ಮನಸಾರೆ ಕೊಟ್ಟೆವು.

ಅಲ್ಲೇ ಯಾಕೆ?

ಹಂದಿ ಕಣಿವೆ ದಾಟಿದ ಮೇಲೆ ಬೆಟ್ಟ ಗೋಡೆಯಂತೆ ಎದ್ದು ನಿಲ್ಲುತ್ತದೆ. ಹತ್ತುವಾಗ ಕಣ್ಣಿಗೆ ಹಿಡಿತ ಕಾಣುತ್ತದೆ, ಕೈ ಅದನ್ನು ಹುಡುಕಿಕೊಳ್ಳುತ್ತದೆ. ಇಳಿಯುವಾಗ ಕಾಲಿಗೆ ಕಣ್ಣಿಲ್ಲ. ಒದ್ದೆ ಬಂಡೆಯನ್ನು ಹತ್ತಿದಷ್ಟು ಸುಲಭವಾಗಿ ಇಳಿಯಲಾಗದು. ಇನ್ನು ಏಣಿನ ನೆತ್ತಿ ಮುಟ್ಟಿದರಂತೂ ಎಡಕ್ಕೂ ಬಲಕ್ಕೂ ದಾರಿಯಿಲ್ಲ. ಮುಂದೆ ಸಾಗಿ ಮೂರು ಕಲ್ಲುಕೊಂಬುಗಳನ್ನು ದಾಟಿ ಹುಲ್ಲಿನ ತಗ್ಗು ಸೇರಬೇಕು, ಇಲ್ಲವೇ ಬಂದ ಹಾಗೆ ಹಿಂದೆ ಸರಿಯಬೇಕು.

ಹಾಗಾಗಿ ಕೆಟ್ಟ ಹವೆಯಲ್ಲಿ ಏಣಿನ ಮೇಲೆ ನಿಂತು ಯೋಚಿಸುವುದಕ್ಕೆ ಅರ್ಥವಿಲ್ಲ. ಯೋಚನೆ ಮುಗಿದಿರಬೇಕಾದ ಜಾಗ ಕೆಳಗಿದೆ, ಆ ಜಾಗಕ್ಕೊಂದು ಹೆಸರಿದೆ. ಅನುಭವಿ ಗೈಡ್ ಅದನ್ನು ಬೆಳಿಗ್ಗೆಯೇ, ಎಲ್ಲರ ಕಿವಿಗೆ ಬೀಳುವಂತೆ ಹೇಳಿಬಿಡುತ್ತಾರೆ. ಮುಂಚೆಯೇ ಹೇಳಿಟ್ಟ ಮಾತಾದ್ದರಿಂದ ಅಲ್ಲಿ ‘ವಾಪಸ್’ ಅಂದಾಗ ಯಾರಿಗೂ ಅದು ಸೋಲೆನಿಸುವುದಿಲ್ಲ.

ಗುಂಪಿನಲ್ಲಿದ್ದಾಗ ಇದು ಇನ್ನೂ ಮುಖ್ಯ. ಒಬ್ಬನೇ ಹೋದವನು ಹೆದರಿದರೆ ತಿರುಗಿ ಬರುತ್ತಾನೆ. ಎಂಟು ಜನರ ನಡುವೆ ಇದ್ದವನು ಉಳಿದ ಏಳು ಜನರ ಮುಖ ನೋಡುತ್ತಾನೆ. ಆ ಏಳೂ ಜನ ಅವನ ಮುಖ ನೋಡುತ್ತಿರುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ, ತಂಡ ಮುಂದೆ ಸಾಗುತ್ತದೆ.

> ಚಳಿ ಹಿಡಿದದ್ದು ಗೊತ್ತಾಗುವುದು ಹೇಗೆ?
>
> ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಹೈಪೋಥರ್ಮಿಯಾ. ಇದಕ್ಕೆ ಹಿಮ ಬೀಳಲೇಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ, ದಣಿವು, ಖಾಲಿ ಹೊಟ್ಟೆ ಕೂಡಿದರೆ 10 ಡಿಗ್ರಿಯ ಹವೆಯೂ ಸಾಕು.
>
> ಮೊದಲು ಬೆರಳುಗಳು ತಡವರಿಸುತ್ತವೆ. ಆಮೇಲೆ ಕಾಲು ಎಡವುತ್ತದೆ, ಮಾತು ತೊದಲುತ್ತದೆ. ನಗುತ್ತಿದ್ದವರು ಸಿಡುಕುತ್ತಾರೆ ಅಥವಾ ಮೌನವಾಗುತ್ತಾರೆ. ನಡುಕ ನಿಂತುಹೋದರೆ ಸುಧಾರಿಸಿದರೆಂದು ತಿಳಿಯಬೇಡಿ, ಅದು ಗಂಭೀರ ಸ್ಥಿತಿಯ ಸೂಚನೆ.
>
> ಗಾಳಿ ತಪ್ಪಿಸಿ, ಒದ್ದೆ ಬಟ್ಟೆ ಬದಲಿಸಿ, ಮೈ ಮುಚ್ಚಿ. ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಮದ್ಯ ಕೊಡಬೇಡಿ, ಅದು ದೇಹದ ಶಾಖವನ್ನು ಇನ್ನಷ್ಟು ಹೊರಹಾಕುತ್ತದೆ.

ಹಗ್ಗದ ಎರಡು ತುದಿ

ಮೇ ತಿಂಗಳಲ್ಲಿ ಮತ್ತೆ ಹೋದೆವು. ಅವರೇ ಗೈಡ್. ಈ ಸಲ ನಾಲ್ಕು ಜನಕ್ಕೆ ಇಬ್ಬರು. ಜಿನುಗು ಮಳೆ, ಮಂಜು, ಗಾಳಿ ಗಂಟೆಗೆ 30 ಕಿ.ಮೀ. ಒಳ್ಳೆಯ ಹವೆಯೇನಲ್ಲ. ಆದರೆ ಹಂದಿ ಕಣಿವೆಯಲ್ಲಿ ಟಾಫಿ ಕಾಗದಗಳು ಸರಾಗವಾಗಿ ಬಿಚ್ಚಿಕೊಂಡವು. ಬಲಕ್ಕೆ ತಿರುಗಿದೆವು.

ಸೊಂಟಪಟ್ಟಿಗೆ ಹಗ್ಗ ಬಿಗಿದು ಒಬ್ಬೊಬ್ಬ ಗೈಡ್ ಹಿಂದೆ ಇಬ್ಬಿಬ್ಬರಂತೆ ಸಾಗಿದೆವು. ಹಗ್ಗ ಎಂದೊಡನೆ ನೇತಾಡುವ ಚಿತ್ರ ಮನಸ್ಸಿಗೆ ಬರುತ್ತದೆ. ಇದು ಹಾಗಲ್ಲ. ನಮ್ಮ ನಡುವೆ ಇದ್ದದ್ದು ಕೆಲವೇ ಮಾರು ಹಗ್ಗ, ಅದು ಸದಾ ಬಿಗಿಯಾಗಿರುತ್ತಿತ್ತು. ಗೈಡ್ ನಡೆಯುತ್ತ ನಡೆಯುತ್ತ ಅದನ್ನು ಒಂದು ಕಲ್ಲಿನ ಕೊಂಬಿನ ಎಡಕ್ಕೆ, ಮುಂದಿನದರ ಬಲಕ್ಕೆ ಹಾಯಿಸುತ್ತಿದ್ದರು. ಯಾರಾದರೂ ಜಾರಿದರೆ ಭಾರ ಅವರ ಮೈಗೆ ಬರುವ ಮೊದಲು ಬೆಟ್ಟವೇ ತಡೆಯಲಿ ಎಂದು. ದನ ಕಟ್ಟುವವರು ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿಯೇ ಜಗ್ಗುತ್ತಾರಲ್ಲ, ಅದೇ ಉಪಾಯ.

ಎರಡು ಕೈ, ಎರಡು ಕಾಲು. ಒಂದು ಸಲಕ್ಕೆ ಒಂದನ್ನು ಮಾತ್ರ ಎತ್ತಬೇಕು, ಮೂರು ಬಂಡೆಗಂಟಿಯೇ ಇರಬೇಕು. ಏಣಿನ ತುದಿಯನ್ನು ಮನೆಯ ಕೈಪಿಡಿಗೋಡೆಯಂತೆ ಹಿಡಿದು, ಎಡಗಡೆ ಸ್ವಲ್ಪ ಕೆಳಗೆ ಪಾದ ಊರುತ್ತ ಪಕ್ಕಪಕ್ಕಕ್ಕೆ ಸರಿಯಬೇಕು. ಕೈ ಮೇಲೆತ್ತಿದಾಗಲೆಲ್ಲ ಮಳೆನೀರು ತೋಳಿನೊಳಗೆ ಇಳಿದು ಮೊಣಕೈಯಲ್ಲಿ ನಿಲ್ಲುತ್ತಿತ್ತು. ಬಂಡೆಯಲ್ಲಿ ಅಲ್ಲಲ್ಲಿ ಬಿಳಿ ಗೆರೆ. ಸಾವಿರಾರು ಜನ ಹಿಡಿದು ಹಿಡಿದು ಕೆಲವು ಮೂಲೆಗಳು ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿದ್ದವು. ಅಂಥ ನುಣುಪು ಕಲ್ಲು ಒದ್ದೆಯಾದಾಗಲೇ ಹೆಚ್ಚು ಜಾರುವುದು. ಗೈಡ್ ಅವನ್ನು ಬಿಟ್ಟು ಪಕ್ಕದ ಒರಟು ಕಲ್ಲನ್ನು ತೋರಿಸುತ್ತಿದ್ದರು.

ಹತ್ತು ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕರೆಯುತ್ತಿದ್ದರು. ‘ಎಲ್ಲರೂ ಚೆನ್ನಾಗಿದ್ದೀರಾ?’ ಎಂದು ಒಟ್ಟಿಗೆ ಕೇಳಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಒಬ್ಬೊಬ್ಬರನ್ನೇ ಮಾತಾಡಿಸಿ ಉತ್ತರದ ದನಿ ಆಲಿಸುತ್ತಿದ್ದರು.

ಮೂರು ಕಲ್ಲುಕೊಂಬು ದಾಟಿ ಹುಲ್ಲು ಮೆಟ್ಟಿದಾಗ ತಂಗಿ ಏನೂ ಹೇಳದೆ ನನ್ನ ಕೈ ಹಿಡಿದಳು. ಅವಳ ಕೈ ಬೆಚ್ಚಗಿತ್ತು. ಅರ್ ವಿದ್ವಾ ಶಿಖರಕ್ಕೂ ಹೋದೆವು, ಮಂಜಿನಲ್ಲಿ ಏನೂ ಕಾಣಲಿಲ್ಲ.

ಎವರೆಸ್ಟ್‌ನ ಪೂರ್ವತಯಾರಿ

ಪೆನ್-ಇ-ಪಾಸ್‌ನಿಂದ ಸ್ವಲ್ಪ ಕೆಳಗೆ ಪೆನ್-ಇ-ಗುರಿಡ್ ಎಂಬ ಹಳೆಯ ಹೋಟೆಲ್ ಇದೆ. 1953ರಲ್ಲಿ ಎವರೆಸ್ಟ್ ಏರಿದ ತಂಡ ಹೊರಡುವ ಮುನ್ನ ತಯಾರಿ ನಡೆಸಿದ್ದು ಈ ಬೆಟ್ಟಗಳಲ್ಲಿ. ತಂಡದವರ ಸಹಿಗಳು ಆ ಹೋಟೆಲಿನ ಒಳಛಾವಣಿಯಲ್ಲಿವೆ. ಸಾವಿರ ಮೀಟರಿನ ಬೆಟ್ಟ ಎವರೆಸ್ಟ್‌ಗೆ ಏನು ಕಲಿಸೀತು ಎಂದು ಕೇಳಬಹುದು. ಮಳೆ, ಗಾಳಿ, ಒದ್ದೆ ಬಂಡೆ ಕಲಿಸುವ ಪಾಠಕ್ಕೆ ಎತ್ತರ ಬೇಕಿಲ್ಲ. ಆ ಆರೋಹಣದ ಮರುವರ್ಷವೇ, 1954ರಲ್ಲಿ, ನಮ್ಮ ದೇಶ ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆಯನ್ನು ಕಟ್ಟಿತು. ಆ ಎವರೆಸ್ಟ್ ತಂಡದ ತೇನ್‌ಸಿಂಗ್ ಅಲ್ಲಿ ಕಲಿಸಿದರು.

ಸಮಯಕ್ಕೆ ವಾಪಸಾಗುವ ಈ ಶಿಸ್ತನ್ನು ಬ್ರಿಟನ್ ಸುಮ್ಮನೆ ಕಲಿಯಲಿಲ್ಲ. 1971ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಎಡಿನ್‌ಬರ್ಗ್‌ನ ಶಾಲಾ ಮಕ್ಕಳ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಮೇಲಿದ್ದ ತಂಗುಗುಡಿಸಲನ್ನು ಮುಟ್ಟಲಾಗಲಿಲ್ಲ. ಐವರು ವಿದ್ಯಾರ್ಥಿಗಳು, ಜೊತೆಗೆ 18 ವರ್ಷದ ತರಬೇತಿನಿರತ ಬೋಧಕಿ ಪ್ರಾಣ ಬಿಟ್ಟರು. ಆಮೇಲೆ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರ ತರಬೇತಿ ಬಿಗಿಯಾಯಿತು. ಅಷ್ಟು ಎತ್ತರದಲ್ಲಿದ್ದ ಕೆಲವು ಗುಡಿಸಲುಗಳನ್ನೂ ಕೆಡವಿದರು. ಮೇಲೆ ಆಸರೆ ಇದೆ ಎಂಬ ನಂಬಿಕೆ ಜನರನ್ನು ಕೆಟ್ಟ ಹವೆಯಲ್ಲೂ ಮೇಲಕ್ಕೆ ಸೆಳೆಯುತ್ತದೆ ಎಂಬುದು ಕಾರಣ.

ಇವತ್ತು ಅಲ್ಲಿ ಕಾಲುದಾರಿಯಲ್ಲಿ ತಂಡ ನಡೆಸುವವರಿಗೆ ಒಂದು ಅರ್ಹತೆ, ಹಗ್ಗ ಬಳಸಿ ಬಂಡೆ ಏರಿಸುವವರಿಗೆ ಅದಕ್ಕಿಂತ ಮೇಲಿನ ಇನ್ನೊಂದು. ವಯಸ್ಕರ ತಂಡಗಳಿಗೆ ಈ ವ್ಯವಸ್ಥೆಯನ್ನು ಜೀವಂತವಾಗಿಟ್ಟಿರುವುದು ಕಾನೂನಿಗಿಂತ ಹೆಚ್ಚಾಗಿ ರೂಢಿ. ಬರುವ ಗಿರಾಕಿ ಮೊದಲು ಕೇಳುವುದೇ ‘ನಿಮ್ಮ ಅರ್ಹತೆ ಏನು?’ ಎಂದು.

ನಮ್ಮ ಏಣುಗಳು

ಮತ್ತೆ ಮುಂಗಾರು ಬಂದಿದೆ. ಮೊಬೈಲ್ ತೆರೆದರೆ ‘ಮಾನ್ಸೂನ್ ಟ್ರೆಕ್’ ಜಾಹೀರಾತುಗಳು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಮಿನಿ ಬಸ್ಸಿನಲ್ಲಿ ಅರೆನಿದ್ದೆ ಮಾಡಿ, ಶನಿವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಇಳಿಯುವ ಮಕ್ಕಳ ಉತ್ಸಾಹ ಕಂಡರೆ ಹಿಗ್ಗಾಗುತ್ತದೆ. ನಮ್ಮ ನೆಲದ ಬೆಟ್ಟಗಳನ್ನು ಅವರು ನಡೆದು ಕಾಣಬೇಕು. ಅದಕ್ಕೇ ಭಯವೂ ಆಗುತ್ತದೆ.

ಕುಮಾರ ಪರ್ವತವನ್ನೇ ನೋಡಿ. 1,712 ಮೀಟರ್. ಕುಕ್ಕೆಯಿಂದ ಹೊರಟರೆ 1,500 ಮೀಟರಿಗೂ ಹೆಚ್ಚು ಏರಬೇಕು. ಕ್ರಿಬ್ ಗೋಖ್‌ಗೆ ಏರುವುದು ಅದರ ಅರ್ಧವೂ ಅಲ್ಲ. ಗಿರಿಗದ್ದೆ ದಾಟಿದ ಮೇಲೆ ಕಾಡು ಮುಗಿದು ಬೋಳು ಹುಲ್ಲುಗುಡ್ಡ. ಕಲ್ಲು ಮಂಟಪ ಬಿಟ್ಟರೆ ಮೇಲೆ ನೆತ್ತಿಗೆ ಸೂರಿಲ್ಲ. ಶೇಷ ಪರ್ವತದ ಅಂಚಿನಲ್ಲಿ ಮಂಜು ಮುಸುಕಿದರೆ ಹತ್ತು ಮಾರು ಮುಂದಿನವರು ಕಾಣುವುದಿಲ್ಲ. 2024ರ ಜನವರಿಯಲ್ಲಿ ಅಲ್ಲಿ ಜನ ಜಾತ್ರೆಯಂತೆ ನೆರೆದದ್ದನ್ನು ಕಂಡು ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ 300 ಜನರ ಮಿತಿ ತಂದಿತು. ಬಹಳ ಒಳ್ಳೆಯ ಕೆಲಸ. ಆದರೆ ಎಷ್ಟು ಜನ ಹೋಗಬಹುದು ಎಂಬುದಕ್ಕೆ ಮಿತಿ ಬಂದಿದೆ, ಅವರನ್ನು ಯಾರು ಕರೆದೊಯ್ಯಬೇಕು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಅಲ್ಲಿ ಪ್ರತಿ ಸಲ ಕಾಣುವುದು ಜೀನ್ಸ್, ಹತ್ತಿ ಟಿ-ಶರ್ಟ್, ಮೇಲೊಂದು ಪ್ಲಾಸ್ಟಿಕ್ ಪಾಂಚೋ. ಜೀನ್ಸ್ ಒಮ್ಮೆ ನೆನೆದರೆ ದಿನವಿಡೀ ಮೈಗೆ ಐಸ್ ಸುತ್ತಿದಂತೆ. ಪಾಂಚೋ ಕಾಡಿನೊಳಗೆ ಸರಿ. ಏಣಿನ ಗಾಳಿಯಲ್ಲಿ ಅದು ಹಾಯಿಯಂತೆ ಉಬ್ಬುತ್ತದೆ, ಕಾಲಿಡುವ ಜಾಗವನ್ನೂ ಮುಚ್ಚುತ್ತದೆ.

2024ರ ಜೂನ್ ಮೊದಲ ವಾರವನ್ನು ಕರ್ನಾಟಕ ಮರೆಯಬಾರದು. ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, 4,000 ಮೀಟರ್ ಮೀರಿದ ಎತ್ತರದಲ್ಲಿ, ನಮ್ಮವರೇ ಹೆಚ್ಚಾಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಸ್ಥಳೀಯ ಗೈಡ್‌ಗಳೂ ಇದ್ದರು. ಒಂಬತ್ತು ಜನ ಬದುಕಿ ಬರಲಿಲ್ಲ. ವಾಯುಪಡೆಯ ಹೆಲಿಕಾಪ್ಟರ್‌ಗಳು ಹಾರಿದವು, ರಾಜ್ಯದ ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಧಾವಿಸಿದರು, 13 ಜನ ಉಳಿದರು. ಆ ದಿನದ ತಪ್ಪು-ಒಪ್ಪು ಅಳೆಯುವ ಹಕ್ಕು ನನಗಿಲ್ಲ. ಸತ್ತವರು ಬೆಟ್ಟವನ್ನು ಪ್ರೀತಿಸಿದವರು, ಎಷ್ಟೋ ವರ್ಷ ನಡೆದವರು. ಅವರ ನೆನಪಿಗಾದರೂ ನಮ್ಮ ಸರ್ಕಾರ, ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಂಥ ತನ್ನದೇ ಸಂಸ್ಥೆಯ ಮೂಲಕ, ತಂಡ ಕರೆದೊಯ್ಯುವ ಪ್ರತಿಯೊಬ್ಬರಿಗೂ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು.

ಅದು ಆಗುವವರೆಗೆ ಕೇಳುವ ಕೆಲಸ ನಮ್ಮದು. ಈ ಮಳೆಗಾಲ ಚಾರಣಕ್ಕೆ ಹಣ ಕಟ್ಟುವ ಮೊದಲು ಆಯೋಜಕರಿಗೆ ಒಂದು ಫೋನ್ ಮಾಡಿ. “ಹವೆ ಕೆಟ್ಟರೆ ಎಲ್ಲಿಂದ ವಾಪಸ್ ಕರ್ಕೊಂಡು ಬರ್ತೀರಿ?” ಎಂದು ಕೇಳಿ. ‘ನೋಡೋಣ ಸಾರ್, ಏನೂ ಆಗಲ್ಲ’ ಎಂದರೆ ಹೋಗಬೇಡಿ. ಉತ್ತರದಲ್ಲಿ ಒಂದು ಜಾಗದ ಹೆಸರಿರಬೇಕು.